ಊರಿಗೆಲ್ಲ ಹೇಳಲೇಬೇಕೇ? ಕೊಡಗಿನಂಥ ಊರಿನಲ್ಲಿ ಸಲಿಂಗಿಯಾಗಿ ತುಂಬು ಬಾಳು ಕಟ್ಟಿಕೊಳ್ಳುವ ಬಗೆ

ಗೇ ಆಗಿರುವ ಹುಡುಗನೊಬ್ಬನಿಗೆ ಇವತ್ತು ಎರಡು ಕಡೆಯಿಂದ ಬುದ್ಧಿಮಾತು ಬರುತ್ತದೆ. ಮನೆಯವರು ಹೇಳುತ್ತಾರೆ: ಮದುವೆ ಆಗು, ಎಲ್ಲ ಸರಿಹೋಗುತ್ತೆ. ಫೋನಿನೊಳಗಿನ ಲೋಕ ಹೇಳುತ್ತದೆ: ಎಲ್ಲರ ಎದುರು ಹೇಳಿಕೋ, ಹೇಳಿಕೊಳ್ಳದವನ ಬದುಕು ಅರ್ಧ ಬದುಕು. ಮೊದಲನೆಯ ಮಾತು ಸುಳ್ಳು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಎರಡನೆಯದು ಹಲವರ ಪಾಲಿಗೆ ನಿಜ, ಎಲ್ಲರ ಪಾಲಿಗೂ ಅಲ್ಲ. ಈ ಎರಡರ ನಡುವೆ ನಿಮ್ಮ ಜಾಗ ಯಾವುದೆಂದು ಕಂಡುಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿ ನಾನು ಬರೆಯುತ್ತಿರುವುದು.

ನಾನು ಮಾದಾಪುರದ ಕಡೆಯವನು, ಐವತ್ತು ದಾಟಿದೆ. ನನ್ನದು ಕಾಫಿ ತೋಟ: ಸ್ವಲ್ಪ ಅರೇಬಿಕಾ, ಸ್ವಲ್ಪ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ನನ್ನ ಜೊತೆಗಾರ ಪಂಪ್‌ಸೆಟ್ ಮೆಕ್ಯಾನಿಕ್. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ಒಂದು ವರ್ಷ, ರೊಬಸ್ಟಾ ಮೊಗ್ಗು ಕಣ್ಣೆದುರೇ ಕರಗುತ್ತಿದ್ದಾಗ, ಕೆರೆಯ ಪಂಪು ಸರಿಮಾಡಲು ಬಂದವನು ಅವನು. ಸ್ಪ್ರಿಂಕ್ಲರ್ ತಿರುಗುವ ಹೊತ್ತಿಗೆ ಕತ್ತಲಾಗಿತ್ತು, ಊಟ ಮಾಡಿಕೊಂಡು ಹೋಗು ಅಂದೆ. ಈಗ ಒಂದೇ ಮನೆಯಲ್ಲಿ ಇದ್ದೇವೆ. ನಮ್ಮಿಬ್ಬರ ವಿಷಯ ಪೂರ್ತಿ ಗೊತ್ತಿರುವವರು ಕೆಲವರೇ: ಅಕ್ಕ, ಅಕ್ಕನ ಮಗ, ನಮ್ಮ ಡಾಕ್ಟರು, ಕಾಲೇಜಿನಿಂದ ಜೊತೆಯಿರುವ ಒಬ್ಬ ಗೆಳೆಯ. ಉಳಿದವರು ಏನು ಅಂದುಕೊಂಡಿದ್ದಾರೋ ಅಂದುಕೊಳ್ಳಲಿ. ನನ್ನ ಬಾಳು ತುಂಬಿದೆ. ಯಾರ ಸಮಾಧಾನಕ್ಕೂ ಈ ಮಾತು ಹೇಳುತ್ತಿಲ್ಲ.

ಆ ಕಾಲೇಜು ಗೆಳೆಯ ಬೆಂಗಳೂರಿನಲ್ಲಿದ್ದಾನೆ. ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ವರ್ಷ ನಮ್ಮಂಥವರು ಬೀದಿಗಿಳಿದು ನಡೆಯುವ ಪ್ರೈಡ್ ನಡಿಗೆಯಲ್ಲಿ ಇರುತ್ತಾನೆ. ಅವನ ಬಾಳೂ ತುಂಬಿದೆ. ಅವನಿಗೆ ಹೇಳಿಕೊಂಡಿದ್ದು ಉಸಿರಾಟದಷ್ಟು ಅಗತ್ಯವಾಗಿತ್ತು. ಬಹಿರಂಗವಾಗಿ ನಿಂತವರನ್ನು ಕಡಿಮೆ ಮಾಡಿ ಮಾತಾಡುವ ಹಕ್ಕು ನನ್ನಂಥವರಿಗೆ ಇಲ್ಲವೇ ಇಲ್ಲ. ನವತೇಜ್ ಸಿಂಗ್ ಜೋಹರ್, ಸುನಿಲ್ ಮೆಹ್ರಾ, ರಿತು ದಾಲ್ಮಿಯಾ, ಅಮನ್ ನಾಥ್, ಆಯೇಷಾ ಕಪೂರ್ ತಮ್ಮ ಹೆಸರು ಹಾಕಿಯೇ ಸುಪ್ರೀಂ ಕೋರ್ಟಿಗೆ ಹೋದರು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ಐಪಿಸಿಯ 377ನೇ ಕಲಂ ಬಗ್ಗೆ ತೀರ್ಪು ಬಂದು, ಒಪ್ಪಿಗೆಯಿಂದ ಕೂಡುವ ವಯಸ್ಕರು ಅಪರಾಧಿಗಳಲ್ಲ ಎಂದಾಯಿತು. ನಾನು ನನ್ನ ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವುದು ಅವರು ಹೊರಗೆ ನಿಂತದ್ದರಿಂದ. ಹಾಗೆಯೇ ಹೊರಗೆ ನಿಂತವರು ತೆತ್ತ ಬೆಲೆಯೂ ಕಣ್ಣ ಮುಂದಿದೆ. ಗುಜರಾತಿನ ರಾಜಪೀಪಲಾ ರಾಜಮನೆತನದ ಮಾನ್ವೇಂದ್ರ ಸಿಂಗ್ ಗೋಹಿಲ್ 2006ರಲ್ಲಿ ಪತ್ರಿಕೆಗೆ ಹೇಳಿಕೊಂಡಾಗ ಸ್ವಂತ ಊರಿನ ಜನ ಪ್ರತಿಕೃತಿ ಸುಟ್ಟರು, ಮನೆಯವರು ಸಂಬಂಧ ಕಡಿದುಕೊಂಡೆವೆಂದು ಪ್ರಕಟಿಸಿದರು. ರಾಜಮನೆತನದವರಿಗೇ ಹೀಗಾದರೆ, ಅಪ್ಪನ ಹೆಸರಿನ ತೋಟದಲ್ಲಿ ಅಪ್ಪನ ಅನ್ನ ಉಣ್ಣುವ ಇಪ್ಪತ್ತರ ಹುಡುಗ ಲೆಕ್ಕ ಹಾಕದೆ ಹೆಜ್ಜೆ ಇಡಬಾರದು.

ಮೊದಲು ಒಂದು ದಿನವನ್ನು ಬರೆಯಿರಿ

‘ನಾನು ಹೇಳಿಕೊಳ್ಳಲೋ ಬೇಡವೋ’ ಎಂಬಲ್ಲಿಂದ ಶುರುಮಾಡಿದರೆ ತಲೆ ಕೆಡುತ್ತದೆ. ಬದಲಿಗೆ ಒಂದು ಹಾಳೆ ತೆಗೆದುಕೊಂಡು, ಹತ್ತು ವರ್ಷದ ನಂತರದ ಒಂದು ಸಾಧಾರಣ ದಿನವನ್ನು ಬೆಳಿಗ್ಗೆಯಿಂದ ರಾತ್ರಿವರೆಗೆ ಬರೆಯಿರಿ. ಹಬ್ಬದ ದಿನ ಬೇಡ, ಕೆಲಸದ ದಿನವೇ ಆಗಲಿ. ಬೆಳಿಗ್ಗೆ ಕಾಫಿ ಯಾರು ಕಾಯಿಸುತ್ತಾರೆ? ಸೋಮವಾರಪೇಟೆ ಸಂತೆಯಿಂದ ಮೀನು ತಂದರೆ ಯಾರಿಗೆ ಎಷ್ಟು ಖಾರ? ಮರ ಕಪಾತು ಮಾಡುವಾಗ ಏಣಿಯಿಂದ ಬಿದ್ದರೆ ಮೊದಲ ಫೋನು ಯಾರಿಗೆ ಹೋಗಬೇಕು? ರಾತ್ರಿ ಜಗಳ ಆದರೆ ಯಾರ ಜೊತೆ? ಅಮ್ಮ ಆ ಮನೆಯಲ್ಲಿದ್ದಾರಾ, ಬಂದು ಹೋಗುತ್ತಾರಾ, ಬರುವುದೇ ಇಲ್ಲವಾ?

ಬರೆದ ಮೇಲೆ ಒಂದೊಂದು ಸಾಲನ್ನೂ ನೋಡಿ: ಇದು ನಡೆಯಬೇಕಾದರೆ ಯಾರಿಗೆ ಗೊತ್ತಿರಲೇಬೇಕು? ಕಾಫಿ ಕಾಯಿಸಲು ಊರಿಗೆ ಗೊತ್ತಿರಬೇಕಿಲ್ಲ. ಏಣಿಯಿಂದ ಬಿದ್ದಾಗ ಡಾಕ್ಟರಿಗೂ, ಮನೆಯ ಒಬ್ಬರಿಗಾದರೂ ಗೊತ್ತಿರಬೇಕು. ಜೊತೆಗಾರನ ಕೈ ಹಿಡಿದು ಮಡಿಕೇರಿಯ ರಾಜಾಸೀಟಿನಲ್ಲಿ ಕೂರಬೇಕು ಎಂಬ ಸಾಲು ನಿಮ್ಮ ಹಾಳೆಯಲ್ಲಿ ಇದ್ದರೆ, ಮತ್ತೆ ಮತ್ತೆ ಬಂದರೆ, ಬಹಿರಂಗವಾಗಿ ಬದುಕುವುದೇ ನಿಮ್ಮ ದಾರಿ. ಅದಕ್ಕೆ ಬೇಕಾದ ಕೆಲಸ, ಊರು, ದುಡ್ಡು ಹೊಂದಿಸಿಕೊಳ್ಳುವ ಕಡೆಗೆ ಗಮನ ಕೊಡಿ. ಅಂಥ ಸಾಲು ಇಲ್ಲದಿದ್ದರೆ, ಬೇರೆಯವರ ಆಸೆಯನ್ನು ತಂದು ನಿಮ್ಮ ಹಾಳೆಗೆ ಸೇರಿಸಬೇಡಿ.

ಭಕ್ತಿಯಿಂದಲೋ ಸ್ವಭಾವದಿಂದಲೋ ಒಂಟಿಯಾಗಿಯೇ ಇರುತ್ತೇನೆ ಅನ್ನುವವರೂ ಇದ್ದಾರೆ. ಅದೂ ಬಾಳೇ. ಆದರೆ ಆ ತೀರ್ಮಾನ ನಿಮ್ಮದಾಗಿರಬೇಕು. ಯಾರೋ ಪಾಪವೆಂದು ಹೆದರಿಸಿದ್ದರಿಂದ ಆಗಿದ್ದರೆ ಅದನ್ನು ಇನ್ನೊಮ್ಮೆ ನೋಡಿ.

ಮೌನ ಬೇರೆ, ಮೋಸ ಬೇರೆ

ಊರಿಗೆ ಹೇಳದೆ ಬದುಕಬಹುದು ಎಂದೆ. ಅದಕ್ಕೊಂದು ಗಡಿ ಇದೆ, ಈ ಗಡಿಯ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು. ನಿಮ್ಮ ಮೌನದ ಬೆಲೆಯನ್ನು ಇನ್ನೊಬ್ಬರು ತೆರುತ್ತಿದ್ದರೆ ಅದು ಮೌನವಲ್ಲ.

ಹೆಣ್ಣೊಬ್ಬಳನ್ನು ಮದುವೆಯಾಗಿ ಮುಚ್ಚಿಕೊಳ್ಳುವುದು ಈ ಗಡಿಯ ಆಚೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆ ಹೆಂಗಸು, ನನ್ನಲ್ಲಿ ಏನು ಕೊರತೆ ಎಂದು ವರ್ಷಗಟ್ಟಲೆ ತನ್ನನ್ನೇ ಕೇಳಿಕೊಂಡಳು. ಹರಕೆ ಹೊತ್ತಳು, ಡಾಕ್ಟರುಗಳನ್ನು ಕಂಡಳು, ಅತ್ತೆಯ ಮಾತು ಕೇಳಿಸಿಕೊಂಡಳು. ಗಂಡ ಒಳ್ಳೆಯವನೇ, ಕೈ ಎತ್ತಿದವನಲ್ಲ, ಕುಡಿದವನಲ್ಲ. ಆದರೂ ಒಂದು ಜೀವದ ಯೌವನ ಪೂರ್ತಿ ಹೋಯಿತು. ‘ಅಮ್ಮನಿಗೋಸ್ಕರ’ ಎಂಬ ಕಾರಣ ಅದಕ್ಕೆ ಸಾಲದು. ಅಮ್ಮನ ಆಸೆಯ ಹೊರೆಯನ್ನು ಏನೂ ಅರಿಯದ ಹುಡುಗಿಯ ತಲೆಯ ಮೇಲೆ ಇಡಬೇಡಿ.

ಎರಡನೆಯದು ಜೊತೆಗಾರ. ನೆಂಟರು ಬಂದಾಗಲೆಲ್ಲ ಅವನು ಬಟ್ಟೆ ತುಂಬಿಕೊಂಡು ಹೊರಡಬೇಕಾಗಿದೆಯೇ? ಅವನ ತಟ್ಟೆ ಅಡಗಿಸಿ ಇಡಬೇಕಾಗಿದೆಯೇ? ಅವನಿಗೆ ಅದು ನೋಯುತ್ತಿದೆಯೇ ಎಂದು ಕೇಳಿದ್ದೀರಾ? ಎಷ್ಟರ ಮಟ್ಟಿಗೆ ಹೇಳಿಕೊಳ್ಳುವುದು ಎಂಬುದು ಇಬ್ಬರೂ ಕೂತು ಮಾಡುವ ತೀರ್ಮಾನ, ಹೆಚ್ಚು ಹೆದರುವವನದು ಮಾತ್ರ ಅಲ್ಲ. ನಮ್ಮ ಮನೆಯಲ್ಲಿ ಆದದ್ದು ಇಷ್ಟು: ಅವನು ಇರುತ್ತಾನೆ, ಯಾರೇ ಬರಲಿ. ಪರಿಚಯ ಮಾಡಿಸುವಾಗ ಹೆಸರು ಹೇಳುತ್ತೇನೆ, ‘ಇಲ್ಲೇ ಇರೋದು’ ಅನ್ನುತ್ತೇನೆ. ಅದಕ್ಕಿಂತ ಹೆಚ್ಚು ಕೇಳಿದವರು ಕಡಿಮೆ. ಕೊಡಗಿನಲ್ಲಿ ‘ನೀವು ಯಾವ ಮನೆಯವರು’ ಎಂದು ಕೇಳುವ ರೂಢಿ ಇದೆಯಲ್ಲ, ಒಮ್ಮೆ ಒಂದು ಮದುವೆಮನೆಯಲ್ಲಿ ಅವನನ್ನು ಯಾರೋ ಹಾಗೆ ಕೇಳಿದಾಗ ಅವನು ನಮ್ಮ ಮನೆಯ ಹೆಸರನ್ನೇ ಹೇಳಿದ. ಪಕ್ಕದಲ್ಲಿದ್ದ ಅಕ್ಕ ಹೂಂ ಅಂದಳು.

ಮೂರನೆಯ ಗುರುತು ನಿಮ್ಮ ಮೈಯೇ ಹೇಳುತ್ತದೆ. ನಿದ್ದೆ ಬಾರದಿದ್ದರೆ, ಕುಡಿತ ಜಾಸ್ತಿಯಾದರೆ, ಫೋನು ಯಾರಾದರೂ ಮುಟ್ಟಿದರೆ ಎದೆ ಹೊಡೆದುಕೊಂಡರೆ, ಮೌನ ನಿಮ್ಮನ್ನೇ ತಿನ್ನುತ್ತಿದೆ. ಆಗ ಒಬ್ಬರಿಗಾದರೂ ಹೇಳುವ ಹೊತ್ತು ಬಂದಿದೆ ಎಂದೇ ಲೆಕ್ಕ.

‘ಮದುವೆ ಯಾವಾಗ’ ಅಂದರೆ

ನಮ್ಮ ಕಡೆ ಮದುವೆಯ ಋತುವಿನಲ್ಲಿ ಒಂದು ಮದುವೆಗೆ ಹೋದರೆ ಇನ್ನೊಂದು ಮದುವೆಯ ಮಾತು ಗ್ಯಾರಂಟಿ. ಕಾರಣ ಕೊಡಬೇಡಿ. ಕೊಟ್ಟ ಪ್ರತಿಯೊಂದು ಕಾರಣವೂ ನೆಂಟರಿಗೆ ಒಂದೊಂದು ಕೆಲಸವಾಗುತ್ತದೆ. ಸಂಬಳ ಸಾಲದು ಅಂದರೆ ಕೆಲಸ ಹುಡುಕುತ್ತಾರೆ, ಆರೋಗ್ಯ ಸರಿಯಿಲ್ಲ ಅಂದರೆ ಮೈಸೂರಿಗೆ ಕರೆದುಕೊಂಡು ಹೋಗುತ್ತಾರೆ, ಜಾತಕ ಕೂಡಿಬರಲಿಲ್ಲ ಅಂದರೆ ಶಾಂತಿ ಮಾಡಿಸುತ್ತಾರೆ. ‘ನಾನು ಮದುವೆ ಆಗಲ್ಲ ಅತ್ತೆ, ತೀರ್ಮಾನ ಮಾಡಿ ಆಗಿದೆ’ ಎನ್ನಿ. ಯಾಕೆ ಅಂದರೆ ‘ನನಗೆ ಬೇಡ’ ಎನ್ನಿ. ಕೇಳಿದವರಿಗೆಲ್ಲ ಅದೇ ಮಾತು, ಅದೇ ದನಿ, ನಗುಮುಖ. ಮೂವತ್ತೈದು ದಾಟುವ ತನಕ ಕಷ್ಟ. ಆಮೇಲೆ ಅವರೇ ನಿಮ್ಮ ತಮ್ಮನ ಕಡೆಗೆ ತಿರುಗುತ್ತಾರೆ.

ಹೆಣ್ಣುಮಕ್ಕಳಿಗೆ ಇದು ಇಷ್ಟು ಸುಲಭವಲ್ಲ, ಗೊತ್ತು. ಅವರ ಮೇಲೆ ಒತ್ತಡ ಬೇಗ ಶುರುವಾಗುತ್ತದೆ, ಬಿಗಿಯಾಗಿಯೂ ಇರುತ್ತದೆ. ಅವರಿಗೆ ನಾನು ಹೇಳುವುದು ಒಂದೇ: ಮೊದಲು ನಿಮ್ಮ ಹೆಸರಿನ ಕೆಲಸ, ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಮಿಕ್ಕಿದ್ದೆಲ್ಲ ಆಮೇಲೆ.

ಮೊದಲ ಒಬ್ಬರಿಗೆ ಹೇಳುವುದು

ಮನೆಯವರ ದುಡ್ಡಿನಲ್ಲಿ ಓದುತ್ತಿರುವಾಗ ಮನೆಯವರಿಗೆ ಹೇಳುವ ಆತುರ ಬೇಡ. ಕೈಯಲ್ಲಿ ಸಂಬಳ, ತಂಗಲು ಬೇರೆ ಒಂದು ಜಾಗ, ಮಾರ್ಕ್ಸ್ ಕಾರ್ಡು, ಆಧಾರ್ ನಿಮ್ಮ ಬಳಿ ಇರಲಿ. ಯಾರಿಗೆ ಹೇಳಬೇಕೆಂದು ಆರಿಸುವಾಗ ನಿಮ್ಮನ್ನು ಹೆಚ್ಚು ಪ್ರೀತಿಸುವವರನ್ನೇ ಆರಿಸಬೇಕೆಂದಿಲ್ಲ. ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ಎಂದೂ ಆಡದವರನ್ನು ಆರಿಸಿ. ನನ್ನ ಅಕ್ಕ ಅಂಥವಳು. ಹುತ್ತರಿ ಹಬ್ಬದ ದಿನ ಬೇಡ, ಮದುವೆಮನೆಯಲ್ಲಿ ಬೇಡ, ಕುಡಿದ ಮೇಲಂತೂ ಬೇಡವೇ ಬೇಡ. ಎದುರುಬದುರು ಕೂತು ಹೇಳುವುದಕ್ಕಿಂತ ಜೊತೆಯಲ್ಲಿ ನಡೆಯುತ್ತಾ ಹೇಳುವುದು ಇಬ್ಬರಿಗೂ ಹಗುರ. ನಾನು ಮೆಣಸು ಕುಯ್ಯುವ ಹೊತ್ತಿನಲ್ಲಿ ಹೇಳಿದೆ: ಅವಳು ಏಣಿಯ ಕೆಳಗೆ, ನಾನು ಮೇಲೆ. ‘ಅಕ್ಕ, ನನಗೆ ಹುಡುಗಿಯರ ಮೇಲೆ ಮನಸ್ಸಿಲ್ಲ, ಗಂಡಸರ ಮೇಲೇ. ಚಿಕ್ಕಂದಿನಿಂದ ಹೀಗೇ. ಇದು ಕಾಯಿಲೆ ಅಲ್ಲ, ಬದಲಾಗೋದೂ ಇಲ್ಲ. ನೀನು ಏನೂ ಮಾಡ್ಬೇಕಾಗಿಲ್ಲ, ಗೊತ್ತಿದ್ರೆ ಸಾಕು.’ ಅವಳು ಬಹಳ ಹೊತ್ತು ಕಾಳು ಬಿಡಿಸುತ್ತಾ ಇದ್ದಳು. ಆಮೇಲೆ ‘ಕೆಳಗೆ ಇಳಿ, ಬಿದ್ದೀಯ’ ಅಂದಳು.

ಕೊನೆಯ ಆ ವಾಕ್ಯ, ಏನೂ ಮಾಡಬೇಕಾಗಿಲ್ಲ ಎಂಬುದು, ಮರೆಯದೆ ಹೇಳಿ. ಕೇಳಿದವರು ಗಾಬರಿಯಾಗುವುದು ಸಂಗತಿಗಿಂತ ಹೆಚ್ಚಾಗಿ ‘ಈಗ ನಾನೇನು ಮಾಡಲಿ’ ಎಂದು.

ಕೆಲವರು ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಾರೆ. ಹೋಗಿ, ಆದರೆ ತಿಳಿದುಕೊಂಡು ಹೋಗಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಮಾನಸಿಕ ಕಾಯಿಲೆಯಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ‘ಸರಿಮಾಡುತ್ತೇನೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಅಂಥ ಭರವಸೆ ಕೊಡುವವರ ಕೋಣೆಯಿಂದ ಎದ್ದು ಬನ್ನಿ. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಯೋಚನೆ ಬಂದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಜೊತೆ ಹುಡುಕುವ ಡೇಟಿಂಗ್ ಆಪ್‌ಗಳ ಬಗ್ಗೆ ಒಂದು ಎಚ್ಚರಿಕೆ. ನಮ್ಮದು ಚಿಕ್ಕ ಜಿಲ್ಲೆ, ಮುಖ ಇರುವ ಒಂದು ಫೋಟೋ ಸಾಕು. ಮೊದಲ ಭೇಟಿ ಹಗಲಿನಲ್ಲಿ, ಕುಶಾಲನಗರದಂಥ ಜನ ಓಡಾಡುವ ಪೇಟೆಯ ಹೋಟೆಲಿನಲ್ಲಿ ಆಗಲಿ, ಎಸ್ಟೇಟ್ ರಸ್ತೆಯಲ್ಲಲ್ಲ. ‘ಮನೆಗೆ ಹೇಳ್ತೀನಿ’ ಎಂದು ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸದೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರಂಥ ಕಲಂ ಇಲ್ಲ, ಸುಲಿಗೆಗೆ 308ನೇ ಕಲಂ ಇದೆ. ಅಂದರೆ ಈಗ ಅಪರಾಧಿ ಹೆದರಿಸುವವನು, ನೀವಲ್ಲ.

ಕಾಗದಪತ್ರ

ಊರಿಗೆ ಹೇಳದೆ ಬದುಕುವವರು ಅತಿ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ. ಹೇಳಿಕೊಂಡವರ ಪರವಾಗಿ ನಾಲ್ಕು ಜನ ಸಾಕ್ಷಿ ನುಡಿದಾರು. ನಮಗೆ ಕಾಗದವೇ ಸಾಕ್ಷಿ.

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಕಡೆಯವರೆಲ್ಲ ಕೈಗೆ ಸಿಕ್ಕಿದ್ದು ಹಿಡಿದು ಹೊರಟೆವು. ಪರಿಹಾರ ಕೇಂದ್ರದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಹೆಸರು, ವಯಸ್ಸು, ಕುಟುಂಬದ ಯಜಮಾನರ ಜೊತೆ ಸಂಬಂಧ. ನನ್ನ ಜೊತೆಗಾರನ ಸರದಿ ಬಂದಾಗ ಬರೆಯುತ್ತಿದ್ದ ಹುಡುಗ ಪೆನ್ನು ಎತ್ತಿ ನಮ್ಮಿಬ್ಬರನ್ನೂ ನೋಡಿದ. ನಾವಿಬ್ಬರೂ ಬಾಯಿ ತೆರೆಯುವ ಮೊದಲೇ ಅಕ್ಕ ‘ನಮ್ಮ ಮನೆಯವರೇ, ಬರ್ಕೊಳ್ಳಿ’ ಅಂದಳು. ಆ ಹುಡುಗ ಬರೆದುಕೊಂಡ. ಅಲ್ಲಿ ಕೆಲಸ ನಡೆಯಿತು. ಆದರೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ನಾಡಕಚೇರಿಯಲ್ಲಿ ಅಕ್ಕನ ಮಾತು ನಡೆಯುವುದಿಲ್ಲ. ಮೂರು ವಾರ ಕಳೆದು 377ರ ತೀರ್ಪು ಬಂದಾಗ ನಾವು ಇನ್ನೂ ಅಂಗಳದ ಕೆಸರು ತೆಗೆಯುತ್ತಿದ್ದೆವು. ತೀರ್ಪು ನಮ್ಮನ್ನು ಅಪರಾಧಿಗಳಲ್ಲ ಅಂದಿತು, ಸಂಬಂಧದ ಕಾಲಂಗೆ ಪದ ಕೊಡಲಿಲ್ಲ. 2023ರ ಅಕ್ಟೋಬರ್ 17ರಂದು, ತಲಕಾವೇರಿಯ ತೀರ್ಥೋದ್ಭವದ ಸಡಗರದ ಹೊತ್ತಿಗೇ, ಸಲಿಂಗಿಗಳಿಗೆ ಮದುವೆಯ ಹಕ್ಕೂ ಇಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗಾಗಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು.

ವಿಲ್ ಮೊದಲು. ಮದುವೆಯಾಗದ ಹಿಂದೂ ಗಂಡಸು ವಿಲ್ ಬರೆಯದೆ ಹೋದರೆ ಆಸ್ತಿ ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ, ಆಮೇಲೆ ಒಡಹುಟ್ಟಿದವರಿಗೆ. ಜೊತೆಗಾರನಿಗೆ ಒಂದು ಮೆಣಸಿನ ಬಳ್ಳಿಯೂ ಬರುವುದಿಲ್ಲ. ವಿಲ್‌ಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವನನ್ನೇ ಸಾಕ್ಷಿ ಮಾಡಬೇಡಿ, ಮುಂದೆ ತಕರಾರಿಗೆ ದಾರಿಯಾಗುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ, ನಾಳೆ ಯಾರೂ ಸಹಿ ನಕಲಿ ಅನ್ನಬಾರದು. ವಿಲ್‌ನಲ್ಲಿ ಸಂಬಂಧ ಏನೆಂದು ವಿವರಿಸಬೇಕಿಲ್ಲ, ‘ನನ್ನ ಜೊತೆ ವಾಸವಾಗಿದ್ದು ನನ್ನನ್ನು ನೋಡಿಕೊಂಡವರು’ ಎಂದರೆ ಸಾಕು. ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ತಲೆತಲಾಂತರದಿಂದ ಬಂದ ಜಮ್ಮಾ ಜಮೀನು ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ ಸೇರಿದ್ದು. ಅದನ್ನು ನಿಮ್ಮಿಷ್ಟದಂತೆ ಬರೆದುಕೊಡಲು ಹೊರಟರೆ ಒಕ್ಕದ ಜೊತೆ ವ್ಯಾಜ್ಯ ಖಂಡಿತ. ಹಾಗಿರುವವರು ಸ್ವಂತ ದುಡಿಮೆಯಿಂದ ಚಿಕ್ಕದಾದರೂ ಬೇರೆ ಒಂದು ಜಾಗ, ಒಂದು ಸೈಟು, ಬ್ಯಾಂಕಿನಲ್ಲಿ ಒಂದು ಠೇವಣಿ ಮಾಡಿಕೊಂಡು ಅದನ್ನು ಬರೆಯಲಿ. ನಾನು ಬರೆದಿರುವುದು ನಾನೇ ಕೊಂಡ ತುಂಡನ್ನು. ತಂದೆಯಿಂದ ಬಂದದ್ದು ಅಕ್ಕನ ಮಗನಿಗೆ. ಇದು ಅಕ್ಕನಿಗೂ ಗೊತ್ತು, ಅವಳ ಮಗನಿಗೂ ಗೊತ್ತು.

ಬ್ಯಾಂಕು ಈಗ ಸುಲಭ. ಸಲಿಂಗಿ ಜೊತೆಗಾರರು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಅಲ್ಲಿ ಕಾರಣ ಹೇಳಬೇಕಾಗಿಯೂ ಇಲ್ಲ, ಯಾವ ಇಬ್ಬರು ಬೇಕಾದರೂ ಜಂಟಿ ಖಾತೆ ತೆರೆಯಬಹುದು. ಆದರೆ ನಾಮಿನಿ ಅಂದರೆ ಮಾಲೀಕ ಎಂದು ತಿಳಿಯಬೇಡಿ. ಸಾಮಾನ್ಯವಾಗಿ ನಾಮಿನಿ ದುಡ್ಡು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವನು. ನಾಮಿನಿ ಮತ್ತು ವಿಲ್ ಎರಡರಲ್ಲೂ ಒಂದೇ ಹೆಸರು ಇರಲಿ.

ಆಸ್ಪತ್ರೆಗೆ ಎರಡು ಕಾಗದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೀವು ಯಾರನ್ನಾದರೂ, ರಕ್ತಸಂಬಂಧಿಯೇ ಆಗಬೇಕಿಲ್ಲ, ಮಾನಸಿಕ ಆರೋಗ್ಯದ ಚಿಕಿತ್ಸೆಗೆ ನಿಮ್ಮ ನಾಮನಿರ್ದೇಶಿತ ಪ್ರತಿನಿಧಿ ಎಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಬಹುದು. ಇನ್ನೊಂದು ಕೊನೆಗಾಲದ ಚಿಕಿತ್ಸೆಯ ಮುಂಗಡ ನಿರ್ದೇಶನ: ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಆಯಿತು. ಇವೆರಡರ ಪ್ರತಿಯನ್ನೂ ನಿಮ್ಮ ಡಾಕ್ಟರಿಗೆ ಕೊಟ್ಟಿಡಿ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಬೇಕಾದ ರಾತ್ರಿ ಅದು ಕೈಗೆ ಸಿಗುವುದಿಲ್ಲ.

ತೀರ್ಮಾನವನ್ನು ಮತ್ತೆ ತೆಗೆದು ನೋಡಿ

ಆ ಒಂದು ದಿನದ ಹಾಳೆಯನ್ನು ಎಸೆಯಬೇಡಿ. ಕೆಲಸ ಬದಲಾದಾಗ, ತಂದೆತಾಯಿ ಹೋದಾಗ, ಹೊಸ ಜೊತೆ ಸಿಕ್ಕಾಗ ಮತ್ತೆ ಬರೆಯಿರಿ. ಇಪ್ಪತ್ತೈದರಲ್ಲಿ ಬೇಡ ಅನ್ನಿಸಿದ್ದು ನಲವತ್ತರಲ್ಲಿ ಬೇಕೇ ಬೇಕು ಅನ್ನಿಸಬಹುದು. ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. ಬಹಿರಂಗವಾಗಿ ಬದುಕಿ ದಣಿದವರು ಊರಿಗೆ ಬಂದು ಸುಮ್ಮನೆ ತೋಟ ಮಾಡಿಕೊಂಡಿದ್ದರೆ ಅದೂ ಸೋಲಲ್ಲ. ನನ್ನ ಗೆಳೆಯ ಮೊದಮೊದಲು ‘ಇನ್ನೂ ಎಷ್ಟು ದಿನ ಅಡಗಿ ಕೂರ್ತೀಯ’ ಎಂದು ಕೇಳುತ್ತಿದ್ದ. ಒಂದು ಕಾಫಿ ಕುಯ್ಲಿಗೆ ಬಂದು ವಾರವಿಡೀ ನಮ್ಮ ಮನೆಯಲ್ಲಿದ್ದು ಹೋದ ಮೇಲೆ ಆ ಮಾತು ಬಿಟ್ಟ. ನಾನೂ ಅವನ ಜೊತೆ ಒಮ್ಮೆ ಪ್ರೈಡ್ ನಡಿಗೆಗೆ ಹೋಗಿ ಬಂದೆ. ಅಷ್ಟು ಜನ ಅಂಜಿಕೆಯಿಲ್ಲದೆ ನಡೆಯುವುದನ್ನು ನೋಡಿ ಮನಸ್ಸು ತುಂಬಿತು. ಮರುದಿನ ಬೆಳಗಿನ ಬಸ್ಸಿಗೆ ಹೊರಟು, ಕಣದಲ್ಲಿ ಕಾಫಿ ಹರವಲು ಮನೆ ಸೇರಿಕೊಂಡೆ.

ಇನ್ನೊಂದು. ನೀವು ನೆಮ್ಮದಿಯಾಗಿ ಬದುಕುತ್ತಿದ್ದರೆ, ಹೇಳಿಕೊಳ್ಳದಿದ್ದರೂ, ಒಂದಲ್ಲ ಒಂದು ದಿನ ಯಾರ ಮನೆಯ ಹುಡುಗನೋ ಹುಡುಗಿಯೋ ನಿಮ್ಮ ಅಂಗಳಕ್ಕೆ ಬಂದು ಏನೋ ನೆಪ ಹೇಳಿಕೊಂಡು ಕೂರುತ್ತಾರೆ. ಕೂರಿಸಿ, ಕಾಫಿ ಕೊಡಿ. ಅವರಾಗಿ ಹೇಳುವ ತನಕ ಕೇಳಬೇಡಿ. ಹೇಳಿದ ಮೇಲೆ ನಿಮ್ಮ ದಾರಿಯೇ ಸರಿ ಎಂದು ಒಪ್ಪಿಸಲು ಹೋಗಬೇಡಿ, ಬೆಂಗಳೂರಿಗೆ ಓಡು ಎಂದೂ ಹೇಳಬೇಡಿ. ರಾತ್ರಿ ಮಲಗಲು ಜಾಗ ಇದೆಯೇ, ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದಾರೆಯೇ, ಓದು ಮುಗಿಯಲು ಎಷ್ಟು ದಿನ ಇದೆ, ಇಷ್ಟು ವಿಚಾರಿಸಿ. ಮತ್ತೆ ಯಾವಾಗ ಬೇಕಾದರೂ ಬರಬಹುದು ಎಂದು ಹೇಳಿ ಕಳಿಸಿ. ಬಂದವರ ಹೆಸರನ್ನು ಮಾತ್ರ ಯಾರಿಗೂ ಹೇಳಬೇಡಿ. ನಾನು ಅಕ್ಕನಿಗೂ ಹೇಳುವುದಿಲ್ಲ.